ಕಾರಿನ ಕಿಟಕಿಯ ಮೋಟಾರು: ಅತಿತಾಪ ರಕ್ಷಣೆ ಯಾರಿಗೆ?

ಇಂದಿನ ಕಾರುಗಳಲ್ಲಿ ಎಂಜಿನ್ನಿಗೆ ಸಂಬಂಧಪಡದ ಪುಟ್ಟ ವಿದ್ಯುತ್ ಮೋಟಾರುಗಳು ಹಲವಾರು ಇರುತ್ತವೆ. ಕಿಟಕಿಯ ಗಾಜನ್ನು ಏರಿಸಿ ಇಳಿಸಲು ಬಾಗಿಲಿಗೊಂದು, ಬೀಗ ಹಾಕಿ ತೆಗೆಯಲು ಬಾಗಿಲಿಗೊಂದು. ಕಾರು ದುಬಾರಿಯಾದರೆ ಸೀಟನ್ನು ಹಿಂದೆ ಮುಂದೆ ಸರಿಸಲು, ಎತ್ತಲು, ಒರಗಿಸಲು ಇನ್ನೂ ಮೂರು ನಾಲ್ಕು. ಇವುಗಳ ವಿವರಣೆಯಲ್ಲಿ ‘ಮೋಟಾರಿಗೆ ಅತಿತಾಪ ರಕ್ಷಣೆ ಇದೆ’ ಎಂಬ ಮಾತು ಸಾಮಾನ್ಯ. ಕೇಳಿದವರು ‘ಹಾಗಾದರೆ ಭಯವಿಲ್ಲ’ ಎಂದುಕೊಳ್ಳುತ್ತಾರೆ. ಭೌತವಿಜ್ಞಾನ ಓದಿದವರೂ ಹಾಗೆಯೇ ಅಂದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಈ ಲೇಖನದಲ್ಲಿ ಆ ಮಾತನ್ನೇ ಪರಿಶೀಲಿಸೋಣ. ರಕ್ಷಣೆಯ ಸಾಧನದ ಹಿಂದಿನ ವಿಜ್ಞಾನ ಸೊಗಸಾದದ್ದು. ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಇರುವುದು ಎರಡು ವಿಷಯಗಳಲ್ಲಿ. ಒಂದು, ಆ ಸಾಧನ ಹೊರಲಾರದ ಭರವಸೆಯನ್ನು ಅದರ ತಲೆಗೆ ಕಟ್ಟಿದ್ದೇವೆ. ಇನ್ನೊಂದು, ಈ ಭರವಸೆಯನ್ನು ಒರೆಗೆ ಹಚ್ಚಲು ಬೇಕಾದ ಸಲಕರಣೆಯನ್ನು ನಮ್ಮ ತರಗತಿಗಳು ವಿದ್ಯಾರ್ಥಿಗೆ ಕೊಡುತ್ತಿಲ್ಲ.

ತಿರುಗುವ ಮೋಟಾರು, ನಿಂತ ಮೋಟಾರು

ಮೊದಲು ಒಂದು ಲೆಕ್ಕ. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಒಂದು ಕಿಟಕಿ ಮೋಟಾರನ್ನು ಊಹಿಸಿಕೊಳ್ಳಿ. ಅದರ ಸುರುಳಿಯ ರೋಧ 0.6 ಓಮ್ ಎಂದಿರಲಿ. ಓಮನ ನಿಯಮವನ್ನು ಮಾತ್ರ ಬಲ್ಲ ವಿದ್ಯಾರ್ಥಿಯನ್ನು ಕೇಳಿದರೆ, 12ನ್ನು 0.6ರಿಂದ ಭಾಗಿಸಿ, ಪ್ರವಾಹ 20 ಆಂಪೇರ್ ಎನ್ನುತ್ತಾನೆ. ಆದರೆ ಗಾಜು ಸರಾಗವಾಗಿ ಏರುತ್ತಿರುವಾಗ ಅಳೆದು ನೋಡಿದರೆ ಪ್ರವಾಹ 5 ಆಂಪೇರಿನ ಆಸುಪಾಸಿನಲ್ಲಿ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿ ತಾನೇ ಒಂದು ಡೈನಮೋ ಕೂಡ ಆಗಿರುತ್ತದೆ. ಅದರಲ್ಲಿ ಪ್ರೇರಿತವಾಗುವ ವೋಲ್ಟೇಜು ಬ್ಯಾಟರಿಯ ವೋಲ್ಟೇಜನ್ನು ವಿರೋಧಿಸುತ್ತದೆ. ಇದೇ ಹಿಮ್ಮುಖ ವಿದ್ಯುಚ್ಚಾಲಕ ಬಲ. ನಮ್ಮ ಉದಾಹರಣೆಯಲ್ಲಿ ಅದು 9 ವೋಲ್ಟ್. ಸುರುಳಿಯ ರೋಧದ ಪಾಲಿಗೆ ಉಳಿಯುವುದು 3 ವೋಲ್ಟ್ ಮಾತ್ರ. ಆದ್ದರಿಂದ ಪ್ರವಾಹ 5 ಆಂಪೇರ್. ಬ್ಯಾಟರಿಯಿಂದ ಬರುವ 60 ವಾಟ್‌ನಲ್ಲಿ 45 ವಾಟ್ ಯಾಂತ್ರಿಕ ಕೆಲಸಕ್ಕೆ ಹೋಗುತ್ತದೆ, 15 ವಾಟ್ ಸುರುಳಿಯಲ್ಲಿ ಉಷ್ಣವಾಗುತ್ತದೆ.

ಈಗ ಗಾಜು ಮೇಲಿನ ಅಂಚಿಗೆ ತಾಗಿ ನಿಂತಿತು, ಆದರೂ ಬೆರಳು ಗುಂಡಿಯ ಮೇಲೇ ಇದೆ ಎನ್ನಿ. ಮೋಟಾರು ನಿಂತಿತು. ತಿರುಗದ ಸುರುಳಿಯಲ್ಲಿ ಪ್ರೇರಿತ ವೋಲ್ಟೇಜು ಇಲ್ಲ. ಈಗ ಓಮನ ನಿಯಮದ ಸರಳ ಲೆಕ್ಕವೇ ನಿಜವಾಗುತ್ತದೆ: ಪ್ರವಾಹ 20 ಆಂಪೇರ್, ವ್ಯಯವಾಗುವ ಸಾಮರ್ಥ್ಯ 240 ವಾಟ್. ಯಾಂತ್ರಿಕ ಕೆಲಸ ಸೊನ್ನೆ. ಆದ್ದರಿಂದ ಆ 240 ವಾಟ್ ಪೂರ್ತಿ ಉಷ್ಣ. ತಿರುಗುವಾಗ ಇದ್ದದ್ದಕ್ಕಿಂತ ಇದು 16 ಪಟ್ಟು. ಪ್ರವಾಹ ನಾಲ್ಕು ಪಟ್ಟಾದರೆ ಉಷ್ಣ ಅದರ ವರ್ಗದಷ್ಟಾಗುತ್ತದೆ ಎಂಬ ಜೂಲನ ನಿಯಮವೇ ಇಲ್ಲಿ ಕಾಣುವುದು.

ಸುರುಳಿಯಲ್ಲಿ 50 ಗ್ರಾಂ ತಾಮ್ರ ಇದೆ ಎಂದುಕೊಳ್ಳೋಣ. ಒಂದು ಗ್ರಾಂ ತಾಮ್ರದ ತಾಪವನ್ನು ಒಂದು ಡಿಗ್ರಿ ಏರಿಸಲು 0.385 ಜೂಲ್ ಬೇಕು. 50 ಗ್ರಾಮಿಗೆ ಸುಮಾರು 19 ಜೂಲ್. ಸೆಕೆಂಡಿಗೆ 240 ಜೂಲ್ ಬಂದು ಬೀಳುತ್ತಿದ್ದರೆ ತಾಪ ಮೊದಲಿಗೆ ಸೆಕೆಂಡಿಗೆ 12 ಡಿಗ್ರಿಗೂ ಹೆಚ್ಚು ವೇಗದಲ್ಲಿ ಏರುತ್ತದೆ. ಬಿಸಿಯಾದಂತೆ ತಾಮ್ರದ ರೋಧ ಹೆಚ್ಚಿ ಪ್ರವಾಹ ಸ್ವಲ್ಪ ತಗ್ಗುವುದನ್ನೂ ಲೆಕ್ಕಕ್ಕೆ ಹಿಡಿದರೆ, 40 ಡಿಗ್ರಿ ಸೆಲ್ಸಿಯಸ್‌ನಿಂದ 155 ಡಿಗ್ರಿ ಮುಟ್ಟಲು ಸುಮಾರು 11 ಸೆಕೆಂಡು ಸಾಕು. ತಾಮ್ರದಿಂದ ಸುತ್ತಲಿನ ಕಬ್ಬಿಣಕ್ಕೆ ಹರಿದುಹೋಗುವ ಉಷ್ಣವನ್ನು ನಾನು ಬಿಟ್ಟಿದ್ದೇನೆ. ಸೇರಿಸಿದರೆ ಸಮಯ ಕೊಂಚ ಹೆಚ್ಚಾದೀತು.

155 ಡಿಗ್ರಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಸುರುಳಿಯ ತಂತಿಗಳ ಮೇಲಿನ ನಿರೋಧಕ ಲೇಪಗಳನ್ನು ಅವು ತಾಳುವ ತಾಪಕ್ಕೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸಿದ್ದಾರೆ; 130, 155, 180 ಡಿಗ್ರಿಗಳು ಅವುಗಳಲ್ಲಿ ಮುಖ್ಯ. ಈ ಮಿತಿಯ ಮೇಲೆ ತಾಪ ಪ್ರತಿ 10 ಡಿಗ್ರಿ ಏರಿದಾಗಲೂ ಲೇಪದ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮ. ಲೇಪ ಸುಟ್ಟರೆ ಸುತ್ತುಗಳು ಒಂದನ್ನೊಂದು ಮುಟ್ಟುತ್ತವೆ, ರೋಧ ಕುಸಿಯುತ್ತದೆ, ಪ್ರವಾಹ ಇನ್ನೂ ಏರುತ್ತದೆ. ‘ಮೋಟಾರು ಸುಟ್ಟುಹೋಯಿತು’ ಎನ್ನುವುದು ಇದನ್ನೇ.

ಫ್ಯೂಸ್ ಏಕೆ ಸಾಲದು?

‘ಫ್ಯೂಸ್ ಇದೆಯಲ್ಲ’ ಎಂದು ನೀವು ಕೇಳಬಹುದು. ಅಧಿಕ ಪ್ರವಾಹ ಹರಿದಾಗ ಫ್ಯೂಸ್ ಕರಗಿ ಉಪಕರಣವನ್ನು ರಕ್ಷಿಸುತ್ತದೆ ಎಂದು ನಾವೆಲ್ಲ ಪಾಠ ಹೇಳಿದವರೇ. ಈ ವಾಕ್ಯದಲ್ಲಿ ಎಷ್ಟು ಅಧಿಕ, ಎಷ್ಟು ಹೊತ್ತಿಗೆ ಎಂಬ ಎರಡು ಪ್ರಶ್ನೆಗಳು ಬಿಟ್ಟುಹೋಗಿವೆ.

ಕಾರುಗಳಲ್ಲಿ ಬಳಸುವ ಚಪ್ಪಟೆ ಕಾಲಿನ ಫ್ಯೂಸುಗಳ ನಿಯಮ ನೋಡಿ. ನಮೂದಿಸಿದ ಪ್ರವಾಹದ 110 ಪ್ರತಿಶತ ಹರಿದರೂ ಅದು ಕನಿಷ್ಠ 100 ಗಂಟೆ ಕರಗದೆ ನಿಲ್ಲಬೇಕು. 135 ಪ್ರತಿಶತ ಹರಿದರೆ 10 ನಿಮಿಷದವರೆಗೂ ತಾಳಬಹುದು. 200 ಪ್ರತಿಶತವಾದರೆ 5 ಸೆಕೆಂಡಿನ ಒಳಗೆ ಕರಗಬೇಕು. ನಮ್ಮ ಮೋಟಾರು ನಿಂತಾಗ ಎಳೆಯುವುದು 20 ಆಂಪೇರ್. ಮೋಟಾರು ಹೊರಡುವ ಕ್ಷಣದಲ್ಲೂ, ಅದು ಇನ್ನೂ ತಿರುಗದೆ ಇರುವುದರಿಂದ, ಅಷ್ಟೇ ಪ್ರವಾಹ ಹರಿಯುತ್ತದೆ. ಪ್ರತಿ ಸಲ ಗುಂಡಿ ಒತ್ತಿದಾಗ ಕರಗುವ ಫ್ಯೂಸನ್ನು ಯಾರು ಹಾಕಿಯಾರು? ಆದ್ದರಿಂದ 25 ಅಥವಾ 30 ಆಂಪೇರಿನದನ್ನು ಹಾಕುತ್ತಾರೆ. ಮೋಟಾರು ನಿಂತು ಬೇಯುತ್ತಿದ್ದರೂ ಆ ಫ್ಯೂಸಿಗೆ ಅದರ ಸುದ್ದಿಯೇ ತಿಳಿಯದು. ಫ್ಯೂಸ್ ಕಾಯುವುದು ತಂತಿಯನ್ನು. ಎಲ್ಲೋ ಶಾರ್ಟ್ ಆಗಿ ನೂರಾರು ಆಂಪೇರ್ ಹರಿದಾಗ ತಂತಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ.

ಪಂಪ್‌ಸೆಟ್ಟು ಇಟ್ಟುಕೊಂಡ ರೈತನಿಗೆ ಇದು ಹೊಸ ವಿಷಯವಲ್ಲ. ಫ್ಯೂಸ್ ಇದ್ದರೂ ಮೋಟಾರು ಸುಡುತ್ತದೆ ಎಂದು ಆತ ಬಲ್ಲ. ಅದಕ್ಕೇ ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಓವರ್‌ಲೋಡ್ ರಿಲೇ ಬೇರೆ ಇರುತ್ತದೆ.

ಎರಡು ಬಗೆಯ ಕಾವಲುಗಾರರು

ಹಾಗಾಗಿ ಮೋಟಾರಿನ ಒಡಲಲ್ಲೇ ಇನ್ನೊಬ್ಬ ಕಾವಲುಗಾರನನ್ನು ಕೂಡಿಸುತ್ತಾರೆ. ಇದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ.

ಮೊದಲನೆಯದು ದ್ವಿಲೋಹದ ಬಿಲ್ಲೆ. ಬಿಸಿಯಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು, ತಟ್ಟೆಯಂತೆ ಸ್ವಲ್ಪ ತಗ್ಗು ಮಾಡಿದ ಪುಟ್ಟ ಬಿಲ್ಲೆ. ತಾಪ ಏರುತ್ತಿದ್ದರೂ ಒಂದು ಹಂತದವರೆಗೆ ಅದು ಹೆಚ್ಚೇನೂ ಕದಲದು. ನಿಗದಿತ ತಾಪದಲ್ಲಿ ಒಮ್ಮೆಲೇ ‘ಟಿಕ್’ ಎಂದು ಮಗುಚಿ, ಸಂಪರ್ಕ ಬಿಡಿಸುತ್ತದೆ. ಅಮೆರಿಕದ ಜಾನ್ ಸ್ಪೆನ್ಸರ್ ರೂಪಿಸಿದ ಈ ಬಿಲ್ಲೆ ‘ಕ್ಲಿಕ್ಸಾನ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ನಿಧಾನವಾಗಿ ಬಾಗುವ ಪಟ್ಟಿಯಾದರೆ ಸಂಪರ್ಕ ಬಿಡುವ ಹೊತ್ತಿನಲ್ಲಿ ಕಿಡಿ ಹಾರಿ ತುದಿಗಳು ಸವೆಯುತ್ತವೆ. ಥಟ್ಟನೆ ಮಗುಚುವ ಬಿಲ್ಲೆಗೆ ಆ ತೊಂದರೆ ಕಡಿಮೆ. ಇನ್ನೊಂದು ಗುಣವನ್ನೂ ಗಮನಿಸಿ. ಮಗುಚಿದ ತಾಪಕ್ಕೆ ಇಳಿದ ಕೂಡಲೇ ಬಿಲ್ಲೆ ಮರಳುವುದಿಲ್ಲ. ಅದಕ್ಕಿಂತ ಸಾಕಷ್ಟು ತಣ್ಣಗಾದ ಮೇಲೆ ಮರಳುತ್ತದೆ. ಈ ಅಂತರ ಇಲ್ಲದಿದ್ದರೆ ಅದು ಕ್ಷಣಕ್ಕೊಮ್ಮೆ ಹತ್ತಿ ಆರುತ್ತಿತ್ತು.

ಎರಡನೆಯದು ಪಾಲಿಮರಿನ ತುಣುಕು. ಪಾಲಿಎಥಿಲೀನಿನಲ್ಲಿ ನುಣ್ಣನೆಯ ಇಂಗಾಲದ ಮಸಿಯನ್ನು ಕಲಸಿ ಎರಡು ಲೋಹದ ಹಾಳೆಗಳ ನಡುವೆ ಒತ್ತಿರುತ್ತಾರೆ. ತಣ್ಣಗಿರುವಾಗ ಮಸಿಯ ಕಣಗಳು ಒಂದಕ್ಕೊಂದು ತಾಗಿ ಸರಪಳಿಗಳಾಗಿರುತ್ತವೆ. ಪ್ರವಾಹ ಸುಲಭವಾಗಿ ಹರಿಯುತ್ತದೆ. ತಾಪ 125 ಡಿಗ್ರಿಯ ಆಸುಪಾಸಿಗೆ ಬಂದಾಗ ಪಾಲಿಎಥಿಲೀನಿನ ಸ್ಫಟಿಕ ಭಾಗಗಳು ಕರಗಿ ವಸ್ತು ಹಿಗ್ಗುತ್ತದೆ. ಮಸಿಯ ಸರಪಳಿಗಳು ಕಡಿಯುತ್ತವೆ. ರೋಧ ಸಾವಿರಾರು ಪಟ್ಟು ಜಿಗಿಯುತ್ತದೆ. ತಣ್ಣಗಾದರೆ ಮತ್ತೆ ಸರಪಳಿ ಕೂಡಿಕೊಳ್ಳುತ್ತದೆ. ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಿಂದಲೂ ಇಂಥದೇ ತುಣುಕುಗಳನ್ನು ಮಾಡುತ್ತಾರೆ. ಅಲ್ಲಿ ಕಾರಣ ಬೇರೆ, ಪರಿಣಾಮ ಒಂದೇ. ತಾಪದೊಂದಿಗೆ ರೋಧ ಹೆಚ್ಚುವುದರಿಂದ ಇವನ್ನು ಧನ ತಾಪಗುಣಾಂಕದ ರೋಧಕಗಳು, ಚಿಕ್ಕದಾಗಿ ಪಿಟಿಸಿ ಎನ್ನುತ್ತಾರೆ. ಬಾಗಿಲ ಬೀಗದ ಪುಟ್ಟ ಮೋಟಾರಿನಲ್ಲಿ ಜಾಗ ಕಡಿಮೆ. ಚಲಿಸುವ ಭಾಗವಿಲ್ಲದ ಈ ತುಣುಕು ಅಲ್ಲಿಗೆ ಹೇಳಿ ಮಾಡಿಸಿದಂತಿದೆ.

ಇತ್ತೀಚಿನ ಕಾರುಗಳಲ್ಲಿ ಮೂರನೆಯ ಬಗೆಯೂ ಇದೆ. ಬಿಲ್ಲೆ, ತುಣುಕು ಯಾವುದೂ ಇಲ್ಲದೆ, ನಿಯಂತ್ರಣದ ಎಲೆಕ್ಟ್ರಾನಿಕ್ ಘಟಕ ಮೋಟಾರು ಎಷ್ಟು ಹೊತ್ತು, ಎಷ್ಟು ಸಲ ನಡೆಯಿತು ಎಂದು ಲೆಕ್ಕ ಇಟ್ಟು ‘ಈಗ ಇಷ್ಟು ಬಿಸಿಯಾಗಿರಬೇಕು’ ಎಂದು ಅಂದಾಜು ಮಾಡುತ್ತದೆ. ಮಕ್ಕಳು ಆಟಕ್ಕೆಂದು ಬೀಗದ ಗುಂಡಿಯನ್ನು ಹತ್ತಿಪ್ಪತ್ತು ಸಲ ಒತ್ತಿದಾಗ ಬೀಗ ಸುಮ್ಮನಾಗಿ, ಸ್ವಲ್ಪ ಹೊತ್ತಿನ ಬಳಿಕ ತಾನಾಗಿಯೇ ಸರಿಹೋಗುವುದು ಈ ಲೆಕ್ಕದಿಂದ ಅಥವಾ ಪಿಟಿಸಿಯಿಂದ. ಅದನ್ನು ಕೆಟ್ಟಿತೆಂದು ಭಾವಿಸಿ ಮೆಕ್ಯಾನಿಕನ ಬಳಿ ಒಯ್ಯಬೇಕಾಗಿಲ್ಲ.

ಕಾವಲುಗಾರನ ಮಿತಿಗಳು

ಇಷ್ಟು ಹೊಗಳಿದ ಮೇಲೆ ಕೊರತೆಗಳ ಕಡೆ ಬರೋಣ.

ಕಾವಲುಗಾರ ಅಳೆಯುವುದು ತನ್ನ ತಾಪವನ್ನು. ಸುರುಳಿಯ ತಾಪವನ್ನು ಅಲ್ಲ. ಸುರುಳಿ ಇರುವುದು ತಿರುಗುವ ಭಾಗದಲ್ಲಿ, ಕಾವಲುಗಾರ ಕೂತಿರುವುದು ಬ್ರಷ್‌ಗಳ ಬಳಿ, ನಿಂತ ಭಾಗದಲ್ಲಿ. ಇಬ್ಬರಿಗೂ ಒಂದೇ ಪ್ರವಾಹ ಹರಿಯುತ್ತದೆ, ಆದರೆ ಬಿಸಿಯಾಗುವ, ತಣಿಯುವ ವೇಗ ಒಂದೇ ಅಲ್ಲ. ಹಗುರವಾದ ಪಿಟಿಸಿ ತುಣುಕು ಬೇಗ ತಣಿಯುತ್ತದೆ. ಮುಚ್ಚಿದ ಡಬ್ಬದೊಳಗಿನ ತಾಮ್ರ ಮತ್ತು ಕಬ್ಬಿಣಕ್ಕೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಹೀಗಾಗಿ ಜಾಮ್ ಆದ ಕಿಟಕಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿದ್ದರೆ, ತುಣುಕು ಪ್ರತಿ ಸಲ ‘ಸರಿ’ ಎನ್ನುತ್ತದೆ, ಸುರುಳಿ ಪ್ರತಿ ಸಲ ಒಂದು ಮೆಟ್ಟಿಲು ಮೇಲೇರುತ್ತದೆ. ಮೊದಲ ಸಲ ಉಳಿಸಿದ ಸಾಧನ ಆರನೆಯ ಸಲ ಉಳಿಸುತ್ತದೆ ಎನ್ನಲು ಆಧಾರವಿಲ್ಲ.

ಸುತ್ತಲಿನ ತಾಪವೂ ಸೇರಿಕೊಳ್ಳುತ್ತದೆ. ಸಾಮಾನ್ಯ ಕೋಣೆಯ ತಾಪದಲ್ಲಿ 10 ಆಂಪೇರನ್ನು ನಿರಂತರ ಬಿಡುವ ಪಾಲಿಮರ್ ತುಣುಕು 60 ಡಿಗ್ರಿಯಲ್ಲಿ ಅದರ ಸುಮಾರು ಮೂರನೆಯ ಎರಡು ಭಾಗವನ್ನು ಮಾತ್ರ ಬಿಡುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಸುಮಾರು ಒಂದೂವರೆ ಪಟ್ಟು ಬಿಡುತ್ತದೆ. ರಾಯಚೂರು, ಕಲಬುರಗಿಗಳ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ 60 ಡಿಗ್ರಿ ಆಶ್ಚರ್ಯದ ಸಂಗತಿಯಲ್ಲ. ಅಲ್ಲಿ ಕಾವಲುಗಾರ ಬೇಗನೆ ಕೈ ಎತ್ತುತ್ತಾನೆ. ಮೋಟಾರಿಗೆ ಅದು ಒಳ್ಳೆಯದೇ. ಆದರೆ ಬಿಸಿ ಕಾರಿನಲ್ಲಿ ಕಿಟಕಿ ತೆರೆಯಬೇಕಾದವರಿಗೆ?

ಇನ್ನು ಮರಳಿ ಹೊಂದಿಕೊಳ್ಳುವ ರೀತಿ. ನಿಮ್ಮ ಮನೆಯ ಮಿಕ್ಸಿಯನ್ನು ನೆನಪಿಸಿಕೊಳ್ಳಿ. ಗಟ್ಟಿ ಚಟ್ನಿ ಸಿಕ್ಕಿಕೊಂಡು ಮಿಕ್ಸಿ ನಿಂತರೆ, ಅದನ್ನು ಮಗುಚಿ ತಳದ ಕೆಂಪು ಗುಂಡಿಯನ್ನು ಒತ್ತುವವರೆಗೆ ಅದು ಹೊರಡುವುದಿಲ್ಲ. ಏನೋ ತಪ್ಪಾಗಿದೆ ಎಂದು ಆ ಗುಂಡಿ ಮನುಷ್ಯನಿಗೆ ಹೇಳುತ್ತದೆ. ಬಾಗಿಲ ಒಳಗೆ ಹುದುಗಿದ ಮೋಟಾರಿಗೆ ಅಂಥ ಗುಂಡಿ ಇಡಲಾಗದು. ಅದು ತಾನಾಗಿ ಮರಳಬೇಕು. ಇಲ್ಲಿ ಎರಡು ಬಗೆಗಳ ನಡತೆ ಬೇರೆ. ಗುಂಡಿ ಒತ್ತಿಯೇ ಇದ್ದರೆ ಬಿಲ್ಲೆ ಕಡಿದು, ತಣಿದು, ಕೂಡಿ, ಮತ್ತೆ ಕಡಿಯುತ್ತ ಇರುತ್ತದೆ; ಮೋಟಾರು ಮತ್ತೆ ಮತ್ತೆ ತಳ್ಳುತ್ತದೆ. ಪಿಟಿಸಿ ಹಾಗಲ್ಲ. ಅದರ ಮೂಲಕ ಸೋರುವ ಅಲ್ಪ ಪ್ರವಾಹವೇ ಅದನ್ನು ಬಿಸಿಯಾಗಿಟ್ಟಿರುತ್ತದೆ. ಬೆರಳು ತೆಗೆಯುವವರೆಗೆ ಅದು ಮರಳುವುದಿಲ್ಲ. ‘ಅತಿತಾಪ ರಕ್ಷಣೆ’ ಎಂಬ ಒಂದೇ ಪದ ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತದೆ.

ಬೆರಳಿಗೆ ಕಾವಲು ಯಾರು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಏರುತ್ತಿರುವ ಗಾಜಿಗೆ ಅಡ್ಡ ಬಂದದ್ದು ಕಿಟಕಿಯ ಅಂಚಲ್ಲ, ಹಿಂದಿನ ಸೀಟಿನ ಮಗುವಿನ ಕೈ ಅಥವಾ ಕತ್ತು ಎಂದಿಟ್ಟುಕೊಳ್ಳಿ.

ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಪ್ರವಾಹಕ್ಕೆ ಅನುಪಾತದಲ್ಲಿ ಇರುತ್ತದೆ. ಗಾಜಿನ ತೂಕ ಮತ್ತು ರಬ್ಬರಿನ ಘರ್ಷಣೆಯನ್ನು ಮೀರಿ ಗಾಜನ್ನು ಏರಿಸಲು 120 ನ್ಯೂಟನ್ ಬೇಕು, ಅದಕ್ಕೆ 5 ಆಂಪೇರ್ ಸಾಕು ಎನ್ನಿ. ಗಾಜು ತಡೆದು ನಿಂತಾಗ ಪ್ರವಾಹ 20 ಆಂಪೇರ್. ಆದ್ದರಿಂದ ಬಲ ಸರಿಸುಮಾರು 480 ನ್ಯೂಟನ್. ಅದರಲ್ಲಿ ಗಾಜಿಗೆ ಬೇಕಾದ 120 ಕಳೆದರೆ, ಅಡ್ಡ ಬಂದ ವಸ್ತುವಿನ ಮೇಲೆ ಬೀಳುವುದು 360 ನ್ಯೂಟನ್. 36 ಕಿಲೋಗ್ರಾಂಗೂ ತುಸು ಹೆಚ್ಚಿನ ತೂಕವನ್ನು ಗಾಜಿನ ತೆಳು ಅಂಚಿನ ಮೂಲಕ ಹೇರಿದಂತೆ. ಮತ್ತು ಅತಿತಾಪದ ಕಾವಲುಗಾರ ಎಚ್ಚರಗೊಳ್ಳಲು ಹಲವು ಸೆಕೆಂಡು ಬೇಕು. ಅಷ್ಟು ಹೊತ್ತು ಆ ಬಲ ಹಾಗೇ ಇರುತ್ತದೆ. ಕಾವಲುಗಾರ ಪ್ರವಾಹ ಕಡಿದ ಮೇಲೂ ಗಾಜು ಕೆಳಗಿಳಿಯುವುದಿಲ್ಲ. ಮೋಟಾರಿನ ವರ್ಮ್ ಗೇರು ಹಿಮ್ಮುಖವಾಗಿ ತಿರುಗದಂಥದು. ಗಾಜು ಇದ್ದಲ್ಲೇ ಬಿಗಿಯಾಗಿ ನಿಲ್ಲುತ್ತದೆ.

ಇದರ ಹಿಂದಿನ ಭೌತವಿಜ್ಞಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಾಪ ಎಂಬುದು ಕೂಡಿಟ್ಟ ಮೊತ್ತ; ಕ್ಷಣ ಕ್ಷಣದ ಉಷ್ಣ ಸೇರಿ ಸೇರಿ ಅದು ಏರಬೇಕು. ಬಲವಾದರೋ ಪ್ರವಾಹ ಏರಿದ ಕ್ಷಣದಲ್ಲೇ ಹಾಜರು. ಕಾಲಕ್ಕನುಗುಣವಾಗಿ ಸಂಚಯವಾಗುವ ರಾಶಿಯನ್ನು ಅಳೆದು, ಕ್ಷಣದಲ್ಲಿ ಉಂಟಾಗುವ ರಾಶಿಯಿಂದ ರಕ್ಷಣೆ ಪಡೆಯಲಾಗದು. ಪಿಟಿಸಿ ತುಣುಕನ್ನು ಎಷ್ಟೇ ಉತ್ತಮಪಡಿಸಿದರೂ ಈ ತೊಡಕು ಉಳಿಯುತ್ತದೆ. ಅದನ್ನು ತೀರಾ ಸೂಕ್ಷ್ಮ ಮಾಡಿದರೆ ಮೋಟಾರು ಹೊರಡುವಾಗಲೇ ಅದು ಕಡಿಯುತ್ತದೆ.

ಬೆರಳಿಗೆ ಬೇಕಾದ ಕಾವಲು ಬೇರೆಯೇ. ಮೋಟಾರಿನ ದಂಡಕ್ಕೆ ಪುಟ್ಟ ಉಂಗುರ ಕಾಂತ ಜೋಡಿಸಿ, ಹಾಲ್ ಪರಿಣಾಮದ ಸಂವೇದಕದಿಂದ ಅದರ ವೇಗವನ್ನು ಸತತವಾಗಿ ಎಣಿಸುತ್ತಾರೆ. ಗಾಜು ಅನಿರೀಕ್ಷಿತವಾಗಿ ನಿಧಾನವಾದ ಕೂಡಲೇ ಮೋಟಾರನ್ನು ಹಿಂದಕ್ಕೆ ತಿರುಗಿಸುತ್ತಾರೆ. ಅಮೆರಿಕದ ಸಂಯುಕ್ತ ಸುರಕ್ಷತಾ ಮಾನದಂಡ 118ರಲ್ಲಿ, ಹೀಗೆ ಹಿಂತಿರುಗುವ ಕಿಟಕಿಗಳು 4ರಿಂದ 200 ಮಿಲಿಮೀಟರ್ ವ್ಯಾಸದ ಪರೀಕ್ಷಾ ದಂಡಗಳ ಮೇಲೆ 100 ನ್ಯೂಟನ್ ಬಲ ಬೀಳುವ ಮೊದಲೇ ಹಿಂದೆ ಸರಿಯಬೇಕು ಎಂದಿದೆ. ನಮ್ಮ ಲೆಕ್ಕದ 360 ನ್ಯೂಟನ್ನಿನ ಪಕ್ಕದಲ್ಲಿ ಈ 100ನ್ನು ಇಟ್ಟು ನೋಡಿ.

ಆದರೆ ಆ ನಿಯಮವೂ ಎಲ್ಲ ಕಿಟಕಿಗಳಿಗೆ ಕಡ್ಡಾಯವಲ್ಲ. ಕೀಲಿ ತೆಗೆದ ಮೇಲೂ ಅಥವಾ ದೂರದಿಂದಲೂ ಮುಚ್ಚಬಲ್ಲ ಕಿಟಕಿಗಳಂಥವಕ್ಕೆ ಅನ್ವಯಿಸುತ್ತದೆ. ಎಲ್ಲ ಕಿಟಕಿಗಳಿಗೂ ವಿಸ್ತರಿಸುವುದನ್ನು ಪರಿಶೀಲಿಸಿ ಎಂದು 2008ರಲ್ಲಿ ಜಾರಿಗೆ ಬಂದ ಮಕ್ಕಳ ಸುರಕ್ಷತೆಯ ಕಾಯಿದೆ ಹೇಳಿತು; 2011ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಕಡ್ಡಾಯ ಮಾಡದಿರಲು ತೀರ್ಮಾನಿಸಿತು. ನಮ್ಮಲ್ಲೂ ಹಲವು ಕಾರುಗಳಲ್ಲಿ ಹಿಂತಿರುಗುವ ಸೌಲಭ್ಯ ಇರುವುದು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳು ಕೂರುವುದು ಹಿಂದೆ.

ಇದೇ ಅಮೆರಿಕದಲ್ಲಿ ಅಗ್ಗದ ಒಂದು ಪರಿಹಾರವೂ ದೊರಕಿತು. ಕಿಟಕಿಯಿಂದ ತಲೆ ಹೊರಹಾಕಿದ ಮಗುವಿನ ಮೊಣಕಾಲು ಕೈಯಾಸರೆಯ ಮೇಲಿನ ಗುಂಡಿಗೆ ತಾಗಿ ಗಾಜು ಏರಿದ ದುರಂತಗಳು ನಡೆದಿದ್ದವು. ಗುಂಡಿಯನ್ನು ಒತ್ತಿದರೆ ಗಾಜು ಏರಬಾರದು, ಬೆರಳಿನಿಂದ ಮೇಲಕ್ಕೆ ಎಳೆದರೆ ಮಾತ್ರ ಏರಬೇಕು ಎಂದು 2005ರ ಕಾನೂನು ವಿಧಿಸಿತು. ಇದರಲ್ಲಿ ಸಂವೇದಕವಿಲ್ಲ, ಗಣಕವಿಲ್ಲ. ಇರುವುದು ಪ್ಲಾಸ್ಟಿಕ್ಕಿನ ಆಕಾರದ ಬದಲಾವಣೆ ಮಾತ್ರ. ಮಗುವಿನ ಮಟ್ಟಿಗೆ ಅದು ಮೋಟಾರಿನೊಳಗಿನ ಅತಿತಾಪ ರಕ್ಷಣೆಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಮೋಟಾರಿನ ಹೊರಗಿನ ಬಿಸಿ

ಬೆರಳಿನ ಮಾತು ಬಿಡಿ, ಬಿಸಿಯ ವಿಷಯದಲ್ಲಾದರೂ ಈ ರಕ್ಷಣೆ ಪೂರ್ಣವೇ? ಅದೂ ಅಲ್ಲ. 2010ರ ಜನವರಿಯಲ್ಲಿ ಹೋಂಡಾ ಕಂಪನಿ ಜಗತ್ತಿನಾದ್ಯಂತ ಸುಮಾರು 6.46 ಲಕ್ಷ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಭಾರತದ 8,500ಕ್ಕೂ ಹೆಚ್ಚು ಸಿಟಿ ಕಾರುಗಳಿದ್ದವು. ಚಾಲಕನ ಬಾಗಿಲಿನ ಕಿಟಕಿ ಸ್ವಿಚ್ಚಿಗೆ ನೀರು ಸೇರಿದರೆ ಅದು ಬಿಸಿಯಾಗಿ ಬೆಂಕಿ ಹತ್ತುವ ಸಂಭವ ಇದಕ್ಕೆ ಕಾರಣ. 2012ರ ಅಕ್ಟೋಬರಿನಲ್ಲಿ ಟೊಯೋಟಾ ಸುಮಾರು 74 ಲಕ್ಷ ಕಾರುಗಳನ್ನೂ, 2015ರ ಅಕ್ಟೋಬರಿನಲ್ಲಿ ಸುಮಾರು 65 ಲಕ್ಷ ಕಾರುಗಳನ್ನೂ ಕಿಟಕಿಯ ಸ್ವಿಚ್ಚಿನ ದೋಷಕ್ಕಾಗಿಯೇ ಕರೆಯಿತು.

ಇಲ್ಲಿ ಬಿಸಿ ಹುಟ್ಟಿದ್ದು ಸ್ವಿಚ್ಚಿನಲ್ಲಿ. ಮೋಟಾರಿನ ಒಡಲಲ್ಲಿ ಕುಳಿತ ಬಿಲ್ಲೆಗೆ ಅದು ಕಾಣದು. ಸ್ವಿಚ್ಚಿನ ಒಳಗೆ ತೇವ ಅಥವಾ ಲೋಹದ ಪುಡಿ ಸೇರಿ ಕೆಲವೇ ಆಂಪೇರ್ ಅಡ್ಡದಾರಿಯಲ್ಲಿ ಹರಿದರೆ 30 ಆಂಪೇರಿನ ಫ್ಯೂಸಿಗೂ ತಿಳಿಯದು. 12 ವೋಲ್ಟಿನಲ್ಲಿ 5 ಆಂಪೇರ್ ಎಂದರೆ 60 ವಾಟ್. ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಕ್ಕೆ ಅದು ಬಹಳ. ಒಂದು ಜಾಗದಲ್ಲಿ ಇಟ್ಟ ತಾಪಮಾಪಕ ಇನ್ನೊಂದು ಜಾಗದ ತಾಪವನ್ನು ಹೇಳುವುದಿಲ್ಲ ಎಂಬ ಸರಳ ಸತ್ಯವನ್ನು ‘ರಕ್ಷಣೆ ಇದೆ’ ಎಂಬ ಮಾತು ಮರೆಸುತ್ತದೆ.

ಯಾರನ್ನು ಉಳಿಸಬೇಕು?

ರಕ್ಷಣೆಯ ಪ್ರಶ್ನೆ ಭೌತವಿಜ್ಞಾನದಲ್ಲಿ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆಯನ್ನು ಕಾರಿನ ಹೊರಗಿನಿಂದ ಕೊಡುತ್ತೇನೆ. ದೊಡ್ಡ ಕಟ್ಟಡಗಳಲ್ಲಿ ಬೆಂಕಿ ನಂದಿಸಲು ನೀರೆತ್ತುವ ಪಂಪುಗಳಿರುತ್ತವೆ. ಅಮೆರಿಕದ ವಿದ್ಯುತ್ ಸಂಹಿತೆಯ ಪ್ರಕಾರ ಈ ಪಂಪುಗಳ ಮೋಟಾರಿಗೆ ಓವರ್‌ಲೋಡ್ ರಕ್ಷಣೆ ಇರಬಾರದು. ಕಟ್ಟಡ ಉರಿಯುತ್ತಿರುವಾಗ ‘ನನಗೆ ಬಿಸಿಯಾಯಿತು’ ಎಂದು ಪಂಪು ನಿಲ್ಲುವಂತಿಲ್ಲ. ಸುಟ್ಟುಹೋಗುವವರೆಗೂ ಅದು ನೀರೆತ್ತಬೇಕು. ಅಲ್ಲಿ ಮೋಟಾರಿಗಿಂತ ಮನುಷ್ಯನ ಬೆಲೆ ಹೆಚ್ಚು ಎಂದು ಯಾರೋ ಕುಳಿತು ಯೋಚಿಸಿ ತೀರ್ಮಾನಿಸಿದ್ದಾರೆ.

ಕಾರಿನಲ್ಲಿ ಆ ತೀರ್ಮಾನ ಏನಾಗಬೇಕು? ಸೀಟಿನ ಮೋಟಾರು ನಿಂತರೆ ಯಾರಿಗೂ ನಷ್ಟವಿಲ್ಲ; ಅಲ್ಲಿ ಮೋಟಾರನ್ನೇ ಉಳಿಸಲಿ. ಅಪಘಾತದ ಬಳಿಕ ಬಾಗಿಲ ಬೀಗ ತೆರೆಯಬೇಕಾದಾಗ, ನೀರಿಗೆ ಬಿದ್ದ ಕಾರಿನ ಕಿಟಕಿ ಇಳಿಸಬೇಕಾದಾಗ, ಮೋಟಾರಿನ ಲೇಪದ ಆಯುಷ್ಯಕ್ಕೆ ಏನು ಬೆಲೆ? ಮುಚ್ಚುವಾಗ ಮೃದುವಾಗಿಯೂ ತೆರೆಯುವಾಗ ಧಾರಾಳವಾಗಿಯೂ ಇರುವ ರಕ್ಷಣೆಯನ್ನು ಎಲೆಕ್ಟ್ರಾನಿಕ್ ಘಟಕದಲ್ಲಿ ಬರೆಯುವುದು ಕಷ್ಟವೇನಲ್ಲ. ಬಿಲ್ಲೆಗೆ, ಪಿಟಿಸಿ ತುಣುಕಿಗೆ ಈ ವಿವೇಕ ಇಲ್ಲ; ಪ್ರವಾಹ ಯಾವ ದಿಕ್ಕಿನಲ್ಲಿ ಹರಿದರೂ ಅವಕ್ಕೆ ಒಂದೇ.

ಕಾರು ಕೊಳ್ಳುವವರು ‘ಅತಿತಾಪ ರಕ್ಷಣೆ ಇದೆಯೇ’ ಎಂದು ಕೇಳಿ ಸುಮ್ಮನಾಗಬಾರದು. ಅಡ್ಡ ಬಂದರೆ ಗಾಜು ಹಿಂತಿರುಗುತ್ತದೆಯೇ, ಎಷ್ಟು ಕಿಟಕಿಗಳಲ್ಲಿ, ಹಿಂದಿನ ಕಿಟಕಿಗಳ ಸ್ವಿಚ್ಚನ್ನು ಚಾಲಕ ಬಂದ್ ಮಾಡಬಹುದೇ ಎಂದೂ ಕೇಳಬೇಕು. ಕೈಯಿಟ್ಟು ಪರೀಕ್ಷಿಸುವ ಸಾಹಸ ಮಾತ್ರ ಬೇಡ.

ತರಗತಿಯಲ್ಲಿ

ಶಿಕ್ಷಕರೇ, ಕೊನೆಯ ಮಾತು ನಮ್ಮ ಬಗ್ಗೆ. ಮೋಟಾರಿನ ಪಾಠದಲ್ಲಿ ನಾವು ಎಡಗೈ ನಿಯಮ, ಕಮ್ಯುಟೇಟರಿನ ಚಿತ್ರ, ಭಾಗಗಳ ಹೆಸರು ಇಷ್ಟಕ್ಕೆ ನಿಲ್ಲಿಸುತ್ತೇವೆ. ಫ್ಯೂಸಿನ ಪಾಠ ಬೇರೆ ಅಧ್ಯಾಯದಲ್ಲಿ ಒಂಟಿಯಾಗಿರುತ್ತದೆ. ಮೋಟಾರನ್ನು ತಡೆದು ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಎರಡರಲ್ಲೂ ಬರುವುದಿಲ್ಲ. 2022ರಲ್ಲಿ ಪಠ್ಯದ ಹೊರೆ ತಗ್ಗಿಸುವಾಗ ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿದ್ಯುತ್ ಮೋಟಾರು, ವಿದ್ಯುತ್ಕಾಂತೀಯ ಪ್ರೇರಣೆ, ಜನರೇಟರು ಈ ಭಾಗಗಳನ್ನೇ ಕೈಬಿಟ್ಟಿತು. ಮನೆಯಲ್ಲಿ, ಹೊಲದಲ್ಲಿ, ವಾಹನದಲ್ಲಿ ಮೋಟಾರುಗಳು ಹೆಚ್ಚುತ್ತಿರುವ ಕಾಲದಲ್ಲಿ ಈ ನಿರ್ಧಾರವನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ.

ಪುಸ್ತಕ ಏನೇ ಇರಲಿ, ಪ್ರಯೋಗ ನಮ್ಮ ಕೈಯಲ್ಲಿದೆ. ಆಟಿಕೆಯ ಒಂದು ಪುಟ್ಟ ಮೋಟಾರು, ಎರಡು ಮೂರು ಟಾರ್ಚ್ ಸೆಲ್ಲು, ತಂತುವಿರುವ ಹಳೆಯ ಮಾದರಿಯ ಟಾರ್ಚ್ ಬಲ್ಬು ತೆಗೆದುಕೊಳ್ಳಿ. ಮೂರನ್ನೂ ಸರಣಿಯಲ್ಲಿ ಜೋಡಿಸಿ. ಮೋಟಾರು ಹಗುರವಾಗಿ ತಿರುಗುವಾಗ ಬಲ್ಬು ಮಂಕಾಗಿರುತ್ತದೆ. ದಂಡವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಬಲ್ಬು ಬೆಳಗುತ್ತದೆ. ಹಿಮ್ಮುಖ ವಿದ್ಯುಚ್ಚಾಲಕ ಬಲ ಇಲ್ಲವಾದದ್ದನ್ನು ವಿದ್ಯಾರ್ಥಿ ಕಣ್ಣಾರೆ ಕಾಣುತ್ತಾನೆ. ಬಿಸಿಯಾದ ತಂತುವಿನ ರೋಧ ತಣ್ಣಗಿದ್ದಾಗಿನದಕ್ಕಿಂತ ಹಲವು ಪಟ್ಟು ಹೆಚ್ಚುವುದರಿಂದ ಆ ಬಲ್ಬೇ ಒಂದು ಸರಳ ಪಿಟಿಸಿ ಎಂಬುದನ್ನೂ ತೋರಿಸಬಹುದು. ಬಲ್ಬು ಇಲ್ಲದೆ ಮೋಟಾರನ್ನು ಎಂಟು ಹತ್ತು ಸೆಕೆಂಡು ನಿಲ್ಲಿಸಿ ಅದರ ಕವಚವನ್ನು ಮುಟ್ಟಿ ನೋಡಿದರೆ, ಹೊರಗೆ ಬಿಸಿ ತಿಳಿಯುವುದು ಎಷ್ಟು ತಡವಾಗಿ ಎಂಬುದೂ ಗೊತ್ತಾಗುತ್ತದೆ.

ಆಮೇಲೆ ಮೂರು ಪ್ರಶ್ನೆಗಳನ್ನು ಕೇಳಿ. ಈ ಸಾಧನ ಯಾವ ರಾಶಿಯನ್ನು ಅಳೆಯುತ್ತದೆ? ಎಲ್ಲಿ ಅಳೆಯುತ್ತದೆ? ಎಷ್ಟು ಹೊತ್ತಿಗೆ ಎಚ್ಚರಗೊಳ್ಳುತ್ತದೆ? ಫ್ಯೂಸಿಗೂ ಮಿಕ್ಸಿಗೂ ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಕಾರಿನ ಕಿಟಕಿಗೂ ಇವೇ ಪ್ರಶ್ನೆಗಳನ್ನು ಹಾಕಬಹುದು. ಉತ್ತರ ಸಿಕ್ಕ ಮೇಲೆ, ಅದು ಕಾಯುತ್ತಿರುವುದು ತಂತಿಯನ್ನೋ, ಮೋಟಾರನ್ನೋ, ಮನುಷ್ಯನನ್ನೋ ಎಂದು ವಿದ್ಯಾರ್ಥಿಗಳೇ ಹೇಳುತ್ತಾರೆ.